ವಜ್ರಪಂಜರ

ಪಂಜರವೆಂಬ ಶಬ್ದವನ್ನು ಕೇಳಿದೊಡನೆ ಸಾಮಾನ್ಯವಾಗಿ ಯಾರ ಮನಸ್ಸಿಗಾದರೂ ಬರುವುದು ಗಿಳಿಯ ಪಂಜರ. ಅದು ಬಂಧನದ ಕುರುಹು. ಆದರೆ ಈ ಶಬ್ದಕ್ಕೆ ಬಂಧನವೊಂದೇ ಅರ್ಥವಲ್ಲ. ದೇಹದೊಳಗಿನ ಎಲುಬಿನ ಹಂದರಕ್ಕೆ ಅಸ್ಥಿಪಂಜರವೆಂದು ಹೆಸರು. ದೇವಾಲಯದ ಹೊರಗೋಡೆಯ ಮೇಲೆ ಕಂಡರಿಸಿದ ಕಿರುಗುಡಿಯ ಆಕಾರದ ಒಂದು ಅಲಂಕಾರವನ್ನೂ ಶಿಲ್ಪಶಾಸ್ತ್ರಜ್ಞರು ಪಂಜರವೆಂದೇ ಕರೆಯುತ್ತಾರೆ. ಇವೆಲ್ಲಕ್ಕಿಂತ ಗಂಭೀರವಾದ ಪ್ರಯೋಗ ಶಾಸನಗಳಲ್ಲಿದೆ. ಹಿಂದಿನ ಅರಸರ ಮತ್ತು ಸಾಮಂತರ ಬಿರುದಾವಳಿಗಳಲ್ಲಿ 'ಶರಣಾಗತ ವಜ್ರಪಂಜರ' ಎಂಬ ಮಾತು ಬರುತ್ತದೆ. ಮೊರೆಹೊಕ್ಕವನ ಸುತ್ತ ವಜ್ರದಂತೆ ಅಭೇದ್ಯವಾದ ಪಂಜರವಾಗಿ ನಿಲ್ಲುವವನು ಎಂದು ಅದರ ಅರ್ಥ. ಗಿಳಿಯನ್ನು ಹಿಡಿದಿಡುವ ಪಂಜರವೂ ಶರಣಾಗತನನ್ನು ಕಾಯುವ ಪಂಜರವೂ ಶಬ್ದದಲ್ಲಿ ಒಂದೇ. ಒಳಗಿರುವವನ ಸ್ಥಿತಿ ಮಾತ್ರ ಬೇರೆ.

ಬಿರುದು ಹೊತ್ತ ಅರಸರು ಕಾಲಗರ್ಭವನ್ನು ಸೇರಿದರು. ಆದರೆ ಆ ಬಿರುದಿನ ಅರ್ಥವೇ ಉಕ್ಕಿನಲ್ಲಿ ಮೂರ್ತಿವೆತ್ತು ನಿಂತಂತಿರುವ ವಸ್ತುವೊಂದು ಇಂದಿನ ಯಂತ್ರಪ್ರಪಂಚದಲ್ಲಿದೆ. ಅಮೆರಿಕ ದೇಶದಲ್ಲಿ ವೇಗದ ಓಟಕ್ಕೆ ಒಡ್ಡುವ ಕಾರುಗಳ ಒಳಗೆ, ಚಾಲಕನ ಸುತ್ತ, ಉಕ್ಕಿನ ಕೊಳವೆಗಳನ್ನು ಬಗ್ಗಿಸಿ ಬೆಸೆದು ಒಂದು ಪಂಜರವನ್ನು ಕಟ್ಟುತ್ತಾರೆ. ಕಾರು ಉರುಳಿಬಿದ್ದಾಗ ಛಾವಣಿ ಕುಸಿದು ಚಾಲಕನನ್ನು ಜಜ್ಜದಿರಲೆಂಬುದೇ ಅದರ ಉದ್ದೇಶವಾದ್ದರಿಂದ ಅದಕ್ಕೆ ರೋಲ್ ಕೇಜ್, ಅಂದರೆ ಉರುಳು ಪಂಜರ, ಎಂದು ಹೆಸರಾಗಿದೆ. ಅದನ್ನು ಕಟ್ಟುವ ಬಗೆಯನ್ನು ತಿಳಿಯುತ್ತ ಹೋದಂತೆ, ಪ್ರಾಚೀನರು 'ವಜ್ರಪಂಜರ'ದ ಮುಂದೆ 'ಶರಣಾಗತ' ಎಂಬ ವಿಶೇಷಣವನ್ನು ಸುಮ್ಮನೆ ಇರಿಸಲಿಲ್ಲವೆಂಬುದು ಮನದಟ್ಟಾಗುತ್ತದೆ.

ಈ ಓಟಕ್ಕೆ ಡ್ರ್ಯಾಗ್ ರೇಸ್ ಎನ್ನುತ್ತಾರೆ. ಇದರಲ್ಲಿ ತಿರುವುಗಳಿಲ್ಲ, ಸುತ್ತುಗಳಿಲ್ಲ. ನೇರವಾದ ಹಾದಿಯಲ್ಲಿ ಎರಡು ಕಾರುಗಳು ಪಕ್ಕಪಕ್ಕದಲ್ಲಿ ನಿಂತು, ದೀಪದ ಸಂಕೇತ ದೊರೆತೊಡನೆ ನೆಗೆದು, ಕಾಲು ಮೈಲಿಯನ್ನು, ಎಂದರೆ 1320 ಅಡಿಗಳನ್ನು, ಯಾರು ಮೊದಲು ಕ್ರಮಿಸುವರೆಂಬುದಷ್ಟೇ ಪ್ರಶ್ನೆ. ಎರಡನೆಯ ಮಹಾಯುದ್ಧದ ಅನಂತರ ಕ್ಯಾಲಿಫೋರ್ನಿಯದ ತರುಣರು ಹಳೆಯ ಕಾರುಗಳ ಎಂಜಿನ್ನುಗಳನ್ನು ಬಲಪಡಿಸಿ, ಒಣಗಿದ ಸರೋವರಗಳ ಬಯಲಿನಲ್ಲಿಯೂ ಊರ ಬೀದಿಗಳಲ್ಲಿಯೂ ಇಂಥ ಪಂದ್ಯಗಳನ್ನು ಆಡುತ್ತಿದ್ದರು. ಬೀದಿಯ ಪಂದ್ಯ ಆಡುವವರಿಗೂ ದಾರಿಹೋಕರಿಗೂ ಸಮಾನವಾಗಿ ಅಪಾಯಕರ. 'ಹಾಟ್ ರಾಡ್' ಎಂಬ ಪತ್ರಿಕೆಯ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ತರುಣರ ವೇಗದ ಹುಚ್ಚನ್ನು ಬೈದು ಬಿಡಿಸುವುದು ಅಸಾಧ್ಯವೆಂದರಿತು, ಅದನ್ನು ಬೀದಿಯಿಂದ ಬಿಡಿಸಿ ನಿಯಮಬದ್ಧವಾದ ಕಣಕ್ಕೆ ಕರೆತರುವುದು ಈ ಸಂಸ್ಥೆ ಹಿಡಿದ ಹಾದಿ. 1953ರಲ್ಲಿ ಪೊಮೋನದಲ್ಲಿ ಅದರ ಮೊದಲ ಅಧಿಕೃತ ಪಂದ್ಯ ನಡೆಯಿತು. 1955ರಲ್ಲಿ ಕ್ಯಾನ್ಸಸ್ ರಾಜ್ಯದ ಗ್ರೇಟ್ ಬೆಂಡ್ ಎಂಬಲ್ಲಿ ರಾಷ್ಟ್ರಮಟ್ಟದ ಮೊದಲ ಸ್ಪರ್ಧೆ ಏರ್ಪಟ್ಟಿತು.

ಆ ಸಂಸ್ಥೆಯ ನಿಯಮಾವಳಿ ವೇಗಕ್ಕೆ ಮಿತಿಯನ್ನು ವಿಧಿಸುವುದಿಲ್ಲ. ವೇಗಕ್ಕೆ ತಕ್ಕ ಹೊಣೆಯನ್ನು ವಿಧಿಸುತ್ತದೆ. ಕಾಲು ಮೈಲಿಯನ್ನು 11.49 ಸೆಕೆಂಡುಗಳಲ್ಲಿ ಅಥವಾ ಅದಕ್ಕಿಂತ ಬೇಗ ಮುಟ್ಟುವ ಹಳೆಯ ಮಾದರಿಯ ಕಾರಿನಲ್ಲಿ ಚಾಲಕನ ಹಿಂದೆ ಉಕ್ಕಿನ ಕಮಾನೊಂದು ಇರಲೇಬೇಕು. 10.99 ಸೆಕೆಂಡುಗಳಿಂದ ಮುಂದಕ್ಕೆ ಪೂರ್ಣ ಪಂಜರವೇ ಬೇಕು. ಕಾರ್ಖಾನೆಯ ನೆಲವೂ ಒಡಲೂ ಮಾರ್ಪಾಡಾಗದೆ ಉಳಿದ ಕಾರುಗಳಿಗೆ ಮಾತ್ರ 10 ಸೆಕೆಂಡಿನವರೆಗೆ ಕಮಾನು ಸಾಕೆಂಬ ರಿಯಾಯಿತಿ ಉಂಟು. 9.99 ಸೆಕೆಂಡನ್ನು ಮುಟ್ಟಿದರೆ, ಅಥವಾ ಗಂಟೆಗೆ 135 ಮೈಲಿಯ ವೇಗವನ್ನು ತಲುಪಿದರೆ, ಪರೀಕ್ಷಕರು ಪಂಜರವನ್ನು ಪರಿಶೀಲಿಸಿ ಪ್ರಮಾಣಪತ್ರ ನೀಡಿರಬೇಕು. ಈಚಿನ ಮಾದರಿಯ ಕಾರುಗಳಿಗೆ ಕೆಲವು ಸಡಿಲಿಕೆಗಳು ದೊರೆತಿವೆ. ಹಳೆಯ ಕಾರುಗಳಿಗೆ ಅವು ಅನ್ವಯಿಸುವುದಿಲ್ಲ. 135 ಮೈಲಿಯೆಂದರೆ ಸುಮಾರು 217 ಕಿಲೋಮೀಟರು. ವೇಗ ಮೂರು ಪಟ್ಟಾದರೆ ಆಘಾತದ ಶಕ್ತಿ ಒಂಬತ್ತು ಪಟ್ಟಾಗುತ್ತದೆಂಬುದು ಭೌತಶಾಸ್ತ್ರದ ಪಾಠ. ಗಂಟೆಗೆ 72 ಕಿಲೋಮೀಟರು ವೇಗದಲ್ಲಿ ಹೋಗುವ ಕಾರಿನ ಲೆಕ್ಕಾಚಾರ ಇಲ್ಲಿಗೆ ಸಾಲದು.

ಓಹಾಯೊ ರಾಜ್ಯದ ಚಿಕ್ಕ ಊರೊಂದರಲ್ಲಿ ವಾಸಿಸುವ ಗೃಹಸ್ಥನೊಬ್ಬನನ್ನು ಓದುಗರು ಕಲ್ಪಿಸಿಕೊಳ್ಳಬಹುದು. ವ್ಯಕ್ತಿ ಕಲ್ಪಿತನಾದರೂ ಅವನಂಥವರು ಆ ದೇಶದಲ್ಲಿ ವಿರಳರಲ್ಲ. ವಾರದ ಐದು ದಿನ ದುಡಿಮೆ. ಉಳಿದ ಎರಡು ದಿನ ಮನೆಯ ಪಕ್ಕದ ಷೆಡ್ಡಿನಲ್ಲಿ ಹಳೆಯ ಷೆವರ್ಲೆ ನೋವಾ ಕಾರಿನ ಸೇವೆ. ಕಾರು ಅವನ ತಂದೆಯದು. ಬಾಲ್ಯದಲ್ಲಿ ಅದರ ಹಿಂದಿನ ಆಸನದಲ್ಲಿ ಕುಳಿತು ಶಾಲೆಗೆ ಹೋದವನು ಅವನು. ಈಗ ಅದೇ ಆಸನದಲ್ಲಿ ಅವನ ಹತ್ತು ವರ್ಷದ ಮಗಳು ಕುಳಿತುಕೊಳ್ಳುತ್ತಾಳೆ. ಕಾರಿಗೆ ನಂಬರು ಫಲಕವಿದೆ, ದೀಪಗಳಿವೆ, ವಿಮೆಯಿದೆ. ಅದು ಕಾನೂನಿನ ಪ್ರಕಾರ ಬೀದಿಯಲ್ಲಿ ಓಡುವ ಕಾರು. ಹೀಗೆ ಬೀದಿಗೂ ಕಣಕ್ಕೂ ಒಂದೇ ಕಾರನ್ನು ಬಳಸುವುದು ಅಲ್ಲಿಯವರಿಗೆ ಅಭಿಮಾನದ ವಿಷಯ. 'ಹಾಟ್ ರಾಡ್' ಪತ್ರಿಕೆ 2005ರಲ್ಲಿ ಆರಂಭಿಸಿದ ಡ್ರ್ಯಾಗ್ ವೀಕ್ ಎಂಬ ಸ್ಪರ್ಧೆಯ ಕ್ರಮವೇ ಹೀಗೆ: ಸ್ಪರ್ಧಿಗಳು ಐದು ದಿನ ಓಡಬೇಕು, ಒಂದು ಕಣದಿಂದ ಇನ್ನೊಂದಕ್ಕೆ ಅದೇ ಕಾರನ್ನು ನಡೆಸಿಕೊಂಡು, ಬೇಕಾದ ಸಾಮಗ್ರಿಯನ್ನೆಲ್ಲ ಅದರಲ್ಲಿಯೇ ಹೇರಿಕೊಂಡು, ಒಟ್ಟು ಸುಮಾರು ಸಾವಿರ ಮೈಲಿ ಸಾಗಬೇಕು, ಬೆಂಬಲದ ವಾಹನ ಕೂಡದು.

ಮೊದಲ ಬೇಸಗೆಯಲ್ಲಿ ಗೃಹಸ್ಥನ ಕಾರು ಕಾಲು ಮೈಲಿಯನ್ನು 11.6 ಸೆಕೆಂಡುಗಳಲ್ಲಿ ಮುಟ್ಟಿತು. ಯಾರೂ ಏನೂ ಹೇಳಲಿಲ್ಲ. ಎರಡನೆಯ ಬೇಸಗೆಯಲ್ಲಿ 11.2 ಆಯಿತು. ಕಣದ ಅಧಿಕಾರಿ ಅವನ ಬೆನ್ನು ತಟ್ಟಿ ಅಭಿನಂದಿಸಿ, ಕಮಾನಿಲ್ಲದೆ ಇನ್ನು ಇತ್ತ ಬರಬೇಡವೆಂದು ಸೌಮ್ಯವಾಗಿಯೇ ಹೇಳಿ ಕಳುಹಿಸಿದನು. ಗೃಹಸ್ಥನು ಆ ಚಳಿಗಾಲದಲ್ಲಿ ಇನ್ನೂ ಬಲವಾದ ಎಂಜಿನ್ನನ್ನು ಕೂಡಿಸುವವನಿದ್ದನು; ಒಂಬತ್ತು ಸೆಕೆಂಡುಗಳ ಆಸೆ ಅವನದು. ಆದ್ದರಿಂದ ಪೂರ್ಣ ಪಂಜರವನ್ನೇ ಕಟ್ಟುವುದೆಂದು ನಿಶ್ಚಯಿಸಿ, ಊರಿನ ವೃದ್ಧ ಬೆಸುಗೆಗಾರನೊಬ್ಬನ ನೆರವನ್ನು ಬೇಡಿದನು.

ಬೆಸುಗೆಗಾರನು ಮೊದಲು ಕಾರನ್ನು ಅಳೆಯಲಿಲ್ಲ; ಮನುಷ್ಯನನ್ನು ಅಳೆದನು. ಹೆಲ್ಮೆಟ್ ಧರಿಸಿ, ಬೆಲ್ಟುಗಳನ್ನು ಬಿಗಿದು, ಓಟದ ದಿನ ಹೇಗೆ ಕುಳಿತುಕೊಳ್ಳುವನೋ ಹಾಗೆಯೇ ಕುಳಿತುಕೊಳ್ಳುವಂತೆ ಅಪ್ಪಣೆಯಾಯಿತು. ಮುಖ್ಯ ಕಮಾನು ಹೆಲ್ಮೆಟ್ಟಿಗಿಂತ ಕನಿಷ್ಠ ಮೂರು ಅಂಗುಲ ಎತ್ತರವಿರಬೇಕು. ತಲೆಯ ಹಿಂಭಾಗದಿಂದ ಆರು ಅಂಗುಲಕ್ಕಿಂತ ದೂರ ಸರಿಯಬಾರದು. ಬಾಗಿಲ ಬದಿಯ ದಂಡ ಚಾಲಕನ ಭುಜ ಮತ್ತು ಮೊಣಕೈಗಳ ನಡುಮಧ್ಯದಲ್ಲಿ ಹಾದುಹೋಗಬೇಕು. ಈ ಅಳತೆಗಳೆಲ್ಲವೂ ಒಬ್ಬನೇ ಮನುಷ್ಯನ, ಒಂದೇ ಭಂಗಿಯ ಅಳತೆಗಳು. ಅವನಿಗಿಂತ ಗೇಣುದ್ದ ಎತ್ತರದವನಿಗೆ ಆ ಪಂಜರ ಸಲ್ಲದು. ಮನುಷ್ಯನ ಎದೆಗೂಡು ಅವನ ದೇಹದೊಂದಿಗೇ ಬೆಳೆದು ಅವನಿಗಷ್ಟೇ ಒಪ್ಪುವಂತೆ, ಈ ಉಕ್ಕಿನ ಗೂಡೂ ಒಬ್ಬನಿಗಾಗಿಯೇ ಹುಟ್ಟುತ್ತದೆ.

ಅನಂತರ ಕೊಳವೆಯ ಆಯ್ಕೆ. ಸಾಮಾನ್ಯ ಮೆದು ಉಕ್ಕಿನದಾದರೆ ಗೋಡೆಯ ದಪ್ಪ 0.118 ಅಂಗುಲ, ಅಂದರೆ ಸುಮಾರು ಮೂರು ಮಿಲಿಮೀಟರು, ಇರತಕ್ಕದ್ದು. ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಕ್ರೋಮಾಲಿ ಉಕ್ಕಾದರೆ 0.083 ಅಂಗುಲ ಸಾಕು. ತೂಕ ಕಡಿಮೆ, ಆದರೆ ಅದನ್ನು ಟಿಗ್ ವಿಧಾನದಿಂದಲೇ ಬೆಸೆಯಬೇಕು, ಕೈಯ ನಯ ಹೆಚ್ಚು ಬೇಕು. ಕೊಳವೆ ಟೊಳ್ಳಾಗಿರುವುದು ದೌರ್ಬಲ್ಯವಲ್ಲ. ಟೊಳ್ಳಾದ ಬಿದಿರು ಅಷ್ಟೇ ತೂಕದ ಗಟ್ಟಿ ಕೋಲಿಗಿಂತ ಬಾಗುವಿಕೆಯನ್ನು ಹೆಚ್ಚು ತಡೆಯುತ್ತದೆಂಬುದನ್ನು ನಮ್ಮ ಹಳ್ಳಿಯ ಚಪ್ಪರ ಕಟ್ಟುವವರೂ ಬಲ್ಲರು. ಆದರೆ ಬಗ್ಗಿಸುವಾಗ ಕೊಳವೆಯಲ್ಲಿ ನೆರಿಗೆ ಬಿದ್ದರೆ ಅದು ಕೆಲಸಕ್ಕೆ ಬಾರದು. ಅಂಥ ಎರಡು ಕೊಳವೆಗಳನ್ನು ವೃದ್ಧನು ಮರುಮಾತಿಲ್ಲದೆ ಮೂಲೆಗೆ ಎಸೆದನು. ಗೃಹಸ್ಥನಿಗೆ ಹಣದ ಚಿಂತೆಯಾದರೂ ಬಾಯಿ ತೆರೆಯಲಿಲ್ಲ.

ಒಂದು ಕೊಳವೆ ಮತ್ತೊಂದನ್ನು ಸಂಧಿಸುವೆಡೆಯಲ್ಲಿ ಅದರ ತುದಿಯನ್ನು ಮೀನಿನ ಬಾಯಿಯಂತೆ ಕೊರೆಯುತ್ತಾರೆ. ಆ ಬಾಯಿ ಇನ್ನೊಂದು ಕೊಳವೆಯ ಮೈಯನ್ನು ಬೆಳಕು ನುಸುಳದಂತೆ ಕಚ್ಚಿ ಹಿಡಿಯಬೇಕು. ಸಂದು ಅಗಲವಾದರೆ ಬೆಸುಗೆಯ ಲೋಹದಿಂದ ತುಂಬಿ ಮುಚ್ಚಬಹುದು; ಹೊರಗೆ ಚೆನ್ನಾಗಿಯೂ ಕಾಣಬಹುದು. ಆದರೆ ಆಘಾತ ಬಂದಾಗ ಮೊದಲು ಬಿರಿಯುವುದು ಆ ತುಂಬಿದ ಸ್ಥಳವೇ. ಇನ್ನೊಂದು ನಿಯಮ ಅತ್ಯಂತ ಅರ್ಥಪೂರ್ಣವಾದುದು: ಬೆಸುಗೆಯನ್ನು ಉಜ್ಜಿ ನುಣುಪು ಮಾಡಬಾರದು. ಉಜ್ಜಿದರೆ ಲೋಹ ತೆಳುವಾಗುವುದಲ್ಲದೆ, ಮಾಡಿದ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬುದು ಪರೀಕ್ಷಕರ ಕಣ್ಣಿಗೆ ಕಾಣದಾಗುತ್ತದೆ. ಚೆಲುವಿಗಾಗಿ ಗುರುತನ್ನು ಅಳಿಸುವುದಕ್ಕೆ ಇಲ್ಲಿ ಎಡೆಯಿಲ್ಲ. ಕೊಳವೆಯ ದಪ್ಪವನ್ನೂ ಪರೀಕ್ಷಕರು ಮಾತಿನ ಮೇಲೆ ನಂಬುವುದಿಲ್ಲ. ಕಿವಿಗೆ ಕೇಳಿಸದ ಧ್ವನಿತರಂಗವನ್ನು ಹಾಯಿಸುವ ಉಪಕರಣದಿಂದ ಅಳೆಯುತ್ತಾರೆ.

ಹಳೆಯ ಕಾರಿನ ನೆಲವೆಂದರೆ ತೆಳುವಾದ ತಗಡು. ಕೊಳವೆಯ ಕಾಲನ್ನು ನೇರವಾಗಿ ಅದರ ಮೇಲೆ ನಿಲ್ಲಿಸಿದರೆ, ಕಾರು ಉರುಳಿದಾಗ ಅದು ತಗಡನ್ನು ತೂತುಮಾಡಿಕೊಂಡು ಕೆಳಗಿಳಿದುಬಿಡುತ್ತದೆ. ಆದ್ದರಿಂದ ಪ್ರತಿಯೊಂದು ಕಾಲಿನ ಕೆಳಗೂ ದಪ್ಪ ಉಕ್ಕಿನ ಫಲಕವನ್ನಿರಿಸಿ ಭಾರವನ್ನು ಹರಡಬೇಕು. ಕಂಬದ ಬುಡದಲ್ಲಿ ಕಲ್ಲಿನ ಪೀಠವನ್ನಿಡುವ ನಮ್ಮ ಹಳೆಯ ಮನೆಗಳ ನ್ಯಾಯವೇ ಇದು. ಬೆಸುಗೆಗೆ ತೊಡಗುವ ಮುನ್ನ ಬ್ಯಾಟರಿಯ ಸಂಪರ್ಕವನ್ನು ಕಳಚಿ, ಆಸನಗಳನ್ನೂ ನೆಲಹಾಸನ್ನೂ ಹೊರತೆಗೆದು, ಕಿಡಿ ಸಿಡಿದು ಕಲೆಯಾಗದಂತೆ ಗಾಜುಗಳಿಗೆ ಹೊದಿಕೆ ಹೊದಿಸಿದರು.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಛಾವಣಿಯ ಬಳಿಯ ಕೆಲಸ. ಕೊಳವೆಗಳು ಛಾವಣಿಗೆ ಎಷ್ಟು ಒತ್ತಿಕೊಂಡಿದ್ದರೆ ಚಾಲಕನ ತಲೆಯಿಂದ ಅಷ್ಟು ದೂರ. ಆದರೆ ಹಾಗೆ ಒತ್ತಿಕೊಂಡ ಕೊಳವೆಯ ಮೇಲ್ಬದಿಗೆ ಬೆಸುಗೆಯ ಕೈ ಹೋಗುವುದಿಲ್ಲ. ಸಂಧಿಯ ಸುತ್ತಲೂ ಬೆಸುಗೆ ಬೀಳದಿದ್ದರೆ ಅದು ಸಂಧಿಯೇ ಅಲ್ಲ. ಇದಕ್ಕೆ ಕಸುಬುದಾರರು ಒಂದು ಉಪಾಯ ಕಂಡುಕೊಂಡಿದ್ದಾರೆ. ಕಾಲುಗಳು ನಿಲ್ಲುವೆಡೆಯಲ್ಲಿ ನೆಲಕ್ಕೆ ರಂಧ್ರ ಕೊರೆದು, ಪಂಜರವನ್ನೇ ಕೆಳಕ್ಕಿಳಿಸಿ, ಮೇಲಿನ ಸಂಧಿಗಳನ್ನು ಪೂರ್ಣವಾಗಿ ಬೆಸೆದು, ಮತ್ತೆ ಮೇಲಕ್ಕೆತ್ತಿ, ರಂಧ್ರಗಳನ್ನು ಫಲಕಗಳಿಂದ ಮುಚ್ಚಿ ಕಾಲೂರಿಸುತ್ತಾರೆ. ಯಾರ ಕಣ್ಣಿಗೂ ಬೀಳದ ನಾಲ್ಕು ಬೆರಳಗಲದ ಬೆಸುಗೆಗಾಗಿ ಇಡೀ ಪಂಜರವನ್ನು ಇಳಿಸಿ ಏರಿಸಬೇಕು. ವೃದ್ಧನು ಅದನ್ನು ಎರಡು ಸಲ ಮಾಡಿಸಿದನು.

ಕೆಲಸ ಮುಗಿಯುತ್ತ ಬಂದಿತು. ಗೃಹಸ್ಥನು ಹಿಂದಿನ ಆಸನವನ್ನು ಮರಳಿ ಅದರ ಸ್ಥಾನದಲ್ಲಿರಿಸಿ ಮಗಳನ್ನು ಕರೆದನು. ಮುಖ್ಯ ಕಮಾನಿನ ಅಡ್ಡದಂಡ ಅವಳ ಮುಖದ ಎದುರಿಗೇ ಬಂದಿತ್ತು; ಹಿಂದಕ್ಕೆ ಇಳಿದ ಆನಿಕೆಯ ಕೊಳವೆ ಅವಳ ಕಿವಿಯ ಪಕ್ಕದಲ್ಲಿ ಹಾದುಹೋಗಿತ್ತು. ಮಗು ಕುತೂಹಲದಿಂದ ಅದನ್ನು ಹಿಡಿದುಕೊಂಡಿತು. ವೃದ್ಧನು ಅಳತೆಯ ಪಟ್ಟಿಯನ್ನು ಗೃಹಸ್ಥನ ಕೈಗಿತ್ತು, "ನಿನ್ನ ತಲೆಗೆ ಎಷ್ಟು ಅಂತರವೆಂದು ವಾರವೆಲ್ಲ ಅಳೆದೆವು; ಈಗ ಇವಳದನ್ನು ಅಳೆ" ಎಂದನು. ಅಂತರ ನಾಲ್ಕು ಅಂಗುಲ.

ಈ ಪಂಜರದ ಮರ್ಮವಿರುವುದು ಇಲ್ಲಿ. ಕಣದಲ್ಲಿ ಚಾಲಕನ ತಲೆಯ ಮೇಲೆ ಹೆಲ್ಮೆಟ್ ಇರುತ್ತದೆ. ಎರಡು ಭುಜಗಳನ್ನೂ ಸೊಂಟವನ್ನೂ ತೊಡೆಸಂದಿಯನ್ನೂ ಬೆಲ್ಟುಗಳು ಬಿಗಿದು ಆಸನಕ್ಕೆ ಕಟ್ಟಿಹಾಕಿರುತ್ತವೆ. ಅವನು ಅಲುಗಾಡಲಾರನಾದ್ದರಿಂದ ಉಕ್ಕು ಅವನನ್ನು ಮುಟ್ಟಲಾರದು. ಒಂದು ವೇಳೆ ಮುಟ್ಟಿದರೂ ಹೆಲ್ಮೆಟ್ ತಡೆಯುತ್ತದೆ. ಬೀದಿಯಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ತಲೆ ಬರಿದು. ಸಾಮಾನ್ಯ ಬೆಲ್ಟು ದೇಹವನ್ನು ಸ್ವಲ್ಪ ಮುಂದಕ್ಕೆ ಹೋಗಗೊಡುತ್ತದೆ. ಕಾರ್ಖಾನೆಯವರು ಆ ಚಲನೆಗೆಂದೇ ಒಳಗೆ ಬಯಲನ್ನು ಬಿಟ್ಟಿರುತ್ತಾರೆ. ಆ ಬಯಲಿನಲ್ಲಿಯೇ ಈಗ ಉಕ್ಕಿನ ದಂಡ ನಿಂತಿದೆ. ಹಿಂದಿನಿಂದ ಇನ್ನೊಂದು ಕಾರು ಗುದ್ದಿದರೆ, ಪಂಜರವಿಲ್ಲದಿದ್ದಲ್ಲಿ ಕತ್ತುನೋವಿನಲ್ಲಿ ಮುಗಿಯಬಹುದಾಗಿದ್ದ ಅಪಘಾತ, ಪಂಜರವಿರುವ ಕಾರಣದಿಂದಲೇ ತಲೆಬುರುಡೆಯ ಪೆಟ್ಟಾಗಬಹುದು. ದಂಡಗಳಿಗೆ ಮೆತ್ತೆ ಸುತ್ತುವುದುಂಟು. ಆದರೆ ಓಟದ ಪಂಜರಕ್ಕೆ ಸುತ್ತುವ ಮೆತ್ತೆ ದಿಂಬಿನಂತೆ ಮೃದುವಾದುದಲ್ಲ. ಹೆಲ್ಮೆಟ್ ಧರಿಸಿದ ತಲೆಯನ್ನು ಉದ್ದೇಶಿಸಿ ಮಾಡಿದ ಗಡುಸಾದ ವಸ್ತು ಅದು. ಮಗುವಿನ ಬರಿಯ ಹಣೆಗೆ ಅದರಿಂದ ದೊರೆಯುವ ಅಭಯ ಅಲ್ಪ.

ಹೀಗೆ ಗಂಟೆಗೆ ಇನ್ನೂರು ಕಿಲೋಮೀಟರು ವೇಗದಲ್ಲಿ ತಂದೆಯ ಪ್ರಾಣ ಉಳಿಸಬಲ್ಲ ಉಕ್ಕು, ಮೂವತ್ತು ಕಿಲೋಮೀಟರು ವೇಗದಲ್ಲಿ ಮಗಳ ಪ್ರಾಣಕ್ಕೆ ಎರವಾಗಬಲ್ಲದು. ಉಕ್ಕಿನಲ್ಲಿ ದೋಷವಿಲ್ಲ, ಬೆಸುಗೆಯಲ್ಲಿ ದೋಷವಿಲ್ಲ, ಅಳತೆಯಲ್ಲಿಯೂ ದೋಷವಿಲ್ಲ. ಒಳಗಿರುವವರಲ್ಲಿ ಒಬ್ಬನು ತನ್ನನ್ನು ಅದಕ್ಕೆ ಒಪ್ಪಿಸಿಕೊಂಡು ಬಿಗಿದುಕೊಂಡಿದ್ದಾನೆ. ಇನ್ನೊಬ್ಬಳು ಹಾಗೆ ಒಪ್ಪಿಸಿಕೊಳ್ಳಲು ಅಲ್ಲಿ ಸ್ಥಾನವೇ ಇಲ್ಲ. ಶರಣಾಗತನಿಗೆ ಮಾತ್ರ ಅದು ವಜ್ರಪಂಜರ. ಉಳಿದವರಿಗೆ ಬರಿಯ ವಜ್ರ, ಇಂದ್ರನ ಕೈಯ ಆಯುಧ.

ಗೃಹಸ್ಥನು ಆ ರಾತ್ರಿ ಬಹಳ ಹೊತ್ತು ಷೆಡ್ಡಿನಲ್ಲಿಯೇ ಇದ್ದನು. ಪಂಜರವನ್ನು ಕತ್ತರಿಸಿ ತೆಗೆದರೆ ಓಟ ನಿಲ್ಲುತ್ತದೆ. ಅಡ್ಡದಂಡವನ್ನಷ್ಟೇ ತೆಗೆದರೆ ಪಂಜರ ಅರೆಯಾಗುತ್ತದೆ, ಭುಜದ ಬೆಲ್ಟುಗಳನ್ನು ಕಟ್ಟಲು ಆಧಾರವೇ ಇರುವುದಿಲ್ಲ. ಅರ್ಧ ಪಂಜರ ಯಾರನ್ನೂ ಕಾಯದು. ಬೆಳಗಿನ ಹೊತ್ತಿಗೆ ಅವನು ಹಿಂದಿನ ಆಸನದ ಬೋಲ್ಟುಗಳನ್ನು ಕಳಚಿ, ಬೆಲ್ಟುಗಳನ್ನೂ ಬಿಚ್ಚಿ, ಆಸನವನ್ನು ಹೊತ್ತು ಅಟ್ಟದ ಮೇಲೆ ಇರಿಸಿದ್ದನು. ತಾನು ಬಾಲ್ಯದಲ್ಲಿ ಕುಳಿತಿದ್ದ ಆಸನ ಅದು. ಮಗಳ ಮಕ್ಕಳೂ ಅದರಲ್ಲಿ ಕುಳಿತಾರೆಂದು ಒಮ್ಮೆ ಹೇಳಿಕೊಂಡಿದ್ದವನು. "ಅಪ್ಪಾ, ಇನ್ನು ನಾನೆಲ್ಲಿ ಕುಳಿತುಕೊಳ್ಳಲಿ?" ಎಂದು ಮಗಳು ಕೇಳಿದಳು. "ಅಮ್ಮನ ಕಾರಿನಲ್ಲಿ. ಕಾಪಿಲ್ಲದ ಕಡೆಯಲ್ಲಿ ಆಸನವಿರಬಾರದು ಮಗಳೇ" ಎಂದು ಅವನು ಉತ್ತರ ಕೊಟ್ಟನು. ಅವಳು ಎರಡು ದಿನ ಮಾತು ಬಿಟ್ಟಳು.

ಆಸನ ತೆಗೆದ ಮಾತ್ರಕ್ಕೆ ಅವನ ಸ್ವಂತ ತಲೆಯ ಸಮಸ್ಯೆ ತೀರಲಿಲ್ಲ. ಬಾಗಿಲ ದಂಡವನ್ನು ಬೇಕಾದಾಗ ಕಳಚಿ ಸರಿಸುವಂತೆ ಕೀಲು ಕೊಟ್ಟು ಮಾಡಿಸಿದನು. ನಿಯಮ ಅವನ ವೇಗದ ಕಾರಿಗೆ ಇದನ್ನು ಒಪ್ಪುತ್ತದೆ. ತಲೆ ತಾಗಬಹುದಾದ ಕಡೆಯಲ್ಲೆಲ್ಲ ಮೆತ್ತೆ ಕಟ್ಟಿದನು. ಪೇಟೆಗೆ ಹೋಗಿಬರುವ ಕೆಲಸಗಳಿಗೆ ಆ ಕಾರನ್ನು ತೆಗೆಯುವುದನ್ನು ಬಿಟ್ಟನು. ನಂಬರು ಫಲಕ ಉಳಿಯಿತು, ವಿಮೆಯೂ ಉಳಿಯಿತು. ಆದರೆ ಕಾನೂನು ಒಪ್ಪುವುದೆಲ್ಲವೂ ಯುಕ್ತವಲ್ಲವೆಂಬುದನ್ನು ಅವನು ಅರಿತುಕೊಂಡಿದ್ದನು. ಆ ಕಾರು ಈಗ ಮನೆಯಿಂದ ಕಣಕ್ಕೂ ಕಣದಿಂದ ಮನೆಗೂ ಮಾತ್ರ ಓಡುತ್ತದೆ, ನಿಧಾನವಾಗಿ.

ಬೇಸಗೆ ಬಂದಾಗ ಪರೀಕ್ಷಕನು ಬಂದು ದಂಡದಂಡವನ್ನೂ ತಡವಿ ನೋಡಿ, ಉಪಕರಣ ಹಿಡಿದು ದಪ್ಪ ಅಳೆದು, ಪ್ರಮಾಣದ ಚೀಟಿಯನ್ನು ಅಂಟಿಸಿದನು. ಓಟದ ದಿನ ಮಗಳು ಬೇಲಿಯಾಚೆ ತಾಯಿಯೊಡನೆ ನಿಂತಿದ್ದಳು. ಸರದಿ ಬರುವ ಮೊದಲು ತಂದೆಯ ಕಾರಿನ ಬಳಿಗೆ ಬಂದು, ಒಂದು ಕಾಗದದಲ್ಲಿ ತಾನೇ ಬರೆದುಕೊಂಡಿದ್ದ ಪಟ್ಟಿಯನ್ನು ಗಟ್ಟಿಯಾಗಿ ಓದಿದಳು: ಹೆಲ್ಮೆಟ್, ಭುಜದ ಬೆಲ್ಟು ಎರಡು, ಸೊಂಟದ ಬೆಲ್ಟು, ಬಾಗಿಲ ದಂಡದ ಕೀಲು. ಪ್ರತಿಯೊಂದಕ್ಕೂ ಅವನು ಕೈಯಿಟ್ಟು 'ಸರಿ' ಎನ್ನಬೇಕು. ಕೀಲಿನ ಬಳಿ ಅವನು ಕೈಯಿಡದೆಯೇ 'ಸರಿ' ಎಂದನು. ಅವಳು ಒಪ್ಪಲಿಲ್ಲ, ಮುಟ್ಟಿ ಹೇಳಿಸಿದಳು. ಆ ದಿನ ಕಾರು 9.9 ಸೆಕೆಂಡುಗಳಲ್ಲಿ ಕಾಲು ಮೈಲಿಯನ್ನು ಮುಟ್ಟಿತು. ಉರುಳಲಿಲ್ಲ. ಒಂದು ಚಳಿಗಾಲವಿಡೀ ಕಟ್ಟಿದ ಪಂಜರಕ್ಕೆ ಯಾವ ಕೆಲಸವೂ ಬೀಳಲಿಲ್ಲ. ಕೆಲಸ ಬೀಳದಿರಲೆಂದೇ ಹಾರೈಸುತ್ತ ಅಷ್ಟು ಶ್ರದ್ಧೆಯಿಂದ ಮಾಡುವ ಕೆಲಸಗಳು ಲೋಕದಲ್ಲಿ ಹೆಚ್ಚಿಲ್ಲ.

ಎಳೆಯರ ಸುತ್ತ ನಿಯಮಗಳ ಕಟ್ಟನ್ನು ನಿಲ್ಲಿಸುವ ಹೊಣೆ ಹೊತ್ತವರು, ಅವರು ಗುರುಗಳಾಗಿರಲಿ ಹೆತ್ತವರಾಗಿರಲಿ, ಆ ವೃದ್ಧ ಬೆಸುಗೆಗಾರನ ಅಳತೆಪಟ್ಟಿಯನ್ನು ಮರೆಯುವಂತಿಲ್ಲ. ಕಟ್ಟು ಗಟ್ಟಿಯಾಗಿದೆಯೇ ಎಂಬುದು ಮೊದಲ ಪ್ರಶ್ನೆ. ಅದು ಯಾರ ಅಳತೆಗೆ ಕಟ್ಟಿದ್ದು, ಅದರ ಪಕ್ಕದಲ್ಲಿ ಬರಿದಲೆಯಲ್ಲಿ ಕುಳಿತವರು ಯಾರು ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಕೊಡಲು ಉಪಕರಣಗಳಿವೆ. ಎರಡನೆಯದನ್ನು ಕೇಳಲು ಒಬ್ಬ ಮನುಷ್ಯ ಬೇಕು.